ಕತ್ತರಿಯ ಗುರುತು ಸಿಗದಿದ್ದರೆ ಸುಳ್ಳಿಲ್ಲವೇ?

"ಈ ವೀಡಿಯೊ ಎಡಿಟ್ ಆಗಿಲ್ಲ, ಕಂಪ್ಯೂಟರೇ ಪರೀಕ್ಷಿಸಿದೆ" ಎಂದು ಯಾರಾದರೂ ಹೇಳಿದೊಡನೆ ನಾವು ಸುಮ್ಮನಾಗಿಬಿಡುತ್ತೇವೆ. ಹಾಗೆ ಸುಮ್ಮನಾಗುವ ಮೊದಲು, ಆ ಕಂಪ್ಯೂಟರ್ ನೋಡಿದ್ದಾದರೂ ಏನನ್ನು ಎಂದು ಕೇಳಬೇಡವೇ?

ಅದು ನೋಡುವುದು ಬಣ್ಣ, ಬೆಳಕನ್ನು. ವೀಡಿಯೊ ಎಂದರೆ ಸೆಕೆಂಡಿಗೆ 25ರಷ್ಟು ಬಿಡಿಚಿತ್ರಗಳ ಸಾಲು. ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ, ಅಲ್ಲಿ ದೃಶ್ಯ ಬದಲಾಗಿದೆ ಎಂದು ತಂತ್ರಾಂಶ ಗುರುತು ಹಾಕುತ್ತದೆ. ಮಿತಿ ಇಳಿಸಿದರೆ ಕ್ಯಾಮರಾದ ಫ್ಲ್ಯಾಶ್ ಕೂಡ ಕತ್ತರಿಯಾಗಿ ಕಾಣುತ್ತದೆ. ಏರಿಸಿದರೆ ನಿಜವಾದ ಕತ್ತರಿಯೇ ತಪ್ಪಿಸಿಕೊಳ್ಳುತ್ತದೆ. ಒಂದು ದೃಶ್ಯ ಮೆಲ್ಲಗೆ ಕರಗಿ ಇನ್ನೊಂದಾಗುವ ಡಿಸಾಲ್ವ್ ಇನ್ನೂ ಕಷ್ಟ. ಅದನ್ನು ಹಿಡಿಯಲು ಸಿಂಗಾಪುರದ ಸಂಶೋಧಕರು 1993ರಲ್ಲಿ ಎರಡು ಮಿತಿಗಳ ಉಪಾಯ ಹೂಡಿದರು. ಅಮೆರಿಕದ ನಿಸ್ಟ್ ಸಂಸ್ಥೆ 2001ರಿಂದ 2007ರವರೆಗೆ ಇಂತಹ ತಂತ್ರಾಂಶಗಳನ್ನು ಒರೆಗೆ ಹಚ್ಚಿತು. ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ಅದು ಗ್ರಂಥಪಾಲಕನ ಕೆಲಸ: ಉದ್ದನೆಯ ವೀಡಿಯೊವನ್ನು ವಿಂಗಡಿಸಿ, ಹುಡುಕುವವರಿಗೆ ಅನುಕೂಲ ಮಾಡಿಕೊಡುವುದು. ಅವನನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದವರು ನಾವು.

2010ರ ಜುಲೈ 19ರಂದು ಅಮೆರಿಕದಲ್ಲಿ ನಡೆದದ್ದನ್ನು ನೋಡಿ. ಶರ್ಲಿ ಶೆರಾಡ್ ಎಂಬ ಕಪ್ಪು ಮಹಿಳೆ ಕೃಷಿ ಇಲಾಖೆಯ ಅಧಿಕಾರಿ, ಜಾರ್ಜಿಯ ರಾಜ್ಯದ ಗ್ರಾಮೀಣಾಭಿವೃದ್ಧಿಯ ಹೊಣೆ ಅವರದು. ನೆರವು ಕೇಳಿ ಬಂದ ಬಿಳಿಯ ರೈತನಿಗೆ ತಾನು ಪೂರ್ತಿ ಮನಸ್ಸಿನಿಂದ ಸಹಾಯ ಮಾಡಲಿಲ್ಲ ಎಂದು ಅವರು ಹೇಳುತ್ತಿದ್ದ ಪುಟ್ಟ ತುಣುಕನ್ನು ಆಂಡ್ರ್ಯೂ ಬ್ರೈಟ್‌ಬಾರ್ಟ್ ಹೊರಬಿಟ್ಟರು. ಅದೇ ದಿನ ಆಕೆಯಿಂದ ರಾಜೀನಾಮೆ ಪಡೆಯಲಾಯಿತು. ಮರುದಿನ ಸುಮಾರು 43 ನಿಮಿಷಗಳ ಪೂರ್ತಿ ಭಾಷಣ ಬಯಲಾಯಿತು. ಆಕೆ ಹೇಳುತ್ತಿದ್ದುದು ಎರಡು ದಶಕಗಳ ಹಿಂದಿನ ಸಂಗತಿ. ಬಡವನ ಕಷ್ಟಕ್ಕೆ ಬಣ್ಣವಿಲ್ಲ ಎಂದು ಆ ರೈತನಿಂದಲೇ ಕಲಿತ ಕತೆ. ನಮ್ಮ ಹೊಲ ಉಳಿಸಿದ್ದೇ ಈಕೆ ಎಂದು ಆ ರೈತ ದಂಪತಿಯೇ ಮುಂದೆ ಬಂದು ಹೇಳಿದರು. ಕೃಷಿ ಸಚಿವ ಟಾಮ್ ವಿಲ್ಸಾಕ್ ಕ್ಷಮೆ ಕೇಳಿ ಕೆಲಸ ಕೊಡಲು ಬಂದಾಗ ಆಕೆ ಒಪ್ಪಲಿಲ್ಲ.

ಆ ತುಣುಕಿನಲ್ಲಿ ಮುಖ ಆಕೆಯದೇ, ಸ್ವರ ಆಕೆಯದೇ. ಯಾರೂ ಆಕೆಯ ಬಾಯಿಗೆ ಪದ ತುರುಕಿರಲಿಲ್ಲ. ಅನ್ಯಾಯವಾದದ್ದು ತುಣುಕಿನ ಆಚೆಯಲ್ಲಿ. ಯಂತ್ರವು ಅಕ್ಕಪಕ್ಕದ ಚಿತ್ರಗಳನ್ನು ಹೋಲಿಸುತ್ತದೆ, ಸರಿ; ಮೊದಲ ಚಿತ್ರಕ್ಕೆ ಹಿಂದಿನದಿಲ್ಲ, ಕೊನೆಯದಕ್ಕೆ ಮುಂದಿನದಿಲ್ಲ. ಹೋಲಿಸುವುದು ಯಾವುದರೊಂದಿಗೆ? ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸಿದರೆ ಸಾಧು ಖಳನಾಗುತ್ತಾನೆ ಎಂಬುದು ನಮ್ಮಂತಹ ಕತೆ ಬರೆಯುವವರಿಗೆಲ್ಲ ಗೊತ್ತಿರುವ ಗುಟ್ಟು.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ಅಪಾಯಕಾರಿ. ಸಿಕ್ಕಿಬಿದ್ದ ರಾಜಕಾರಣಿ "ಇದು ಎಡಿಟ್ ಮಾಡಿದ್ದು" ಎಂದು ಕೂಗಿ ಪಾರಾಗಲು ನೋಡುತ್ತಾನೆ. ಎಡಿಟ್ ಆಗದ ಟಿವಿ ವಾರ್ತೆ ಎಲ್ಲಿದೆ ಸ್ವಾಮಿ?

ತುಣುಕು ತೋರಿಸುವವರನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಪೂರ್ತಿ ಮುದ್ರಿಕೆ ಎಷ್ಟು ಹೊತ್ತಿನದು, ಎಲ್ಲಿದೆ, ಚಿತ್ರಿಸಿದವರು ಯಾರು? ಉತ್ತರ ಸಿಗುವತನಕ ಯಾರ ನೌಕರಿಯನ್ನೂ ಕಸಿಯಕೂಡದು. ಶೆರಾಡ್ ಪ್ರಕರಣದಲ್ಲಿ ಉತ್ತರ ಮರುದಿನವೇ ಸಿಕ್ಕಿತು. ಒಂದು ದಿನ ಕಾಯಲಾರದಷ್ಟು ಅವಸರ ಆ ಇಲಾಖೆಗೆ ಏನಿತ್ತು?