ನಾಯಿ ಊಟ ಬಿಟ್ಟರೆ: ತುತ್ತಿಗೆ ಮೊದಲು ಕಾರಣ ಹುಡುಕಿ

'ನಮ್ಮ ಟಾಮಿ ಎರಡು ದಿನದಿಂದ ಏನೂ ಮುಟ್ಟುತ್ತಿಲ್ಲ ಡಾಕ್ಟ್ರೇ, ಹಸಿವಾಗುವುದಕ್ಕೆ ಒಂದು ಟಾನಿಕ್ ಬರೆದುಕೊಡಿ.' ಮಗುವಿನ ಕೆಮ್ಮಿಗೋ ಅತ್ತೆಯ ಮಂಡಿನೋವಿಗೋ ಔಷಧಿ ಬರೆಸಿಕೊಂಡು ಏಳುವ ಹೊತ್ತಿಗೆ, ಸ್ವಲ್ಪ ಸಂಕೋಚದಿಂದ ಈ ಮಾತು ಬರುತ್ತದೆ. ನಾನು ಮನುಷ್ಯರ ವೈದ್ಯ. ನಾಯಿಗೆ ಔಷಧಿ ಬರೆಯುವುದಿಲ್ಲ, ಬರೆಯಲೂಬಾರದು. ಆದರೂ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲು ಸಾಧ್ಯವಿಲ್ಲ. ನಾಯಿ ಉಣ್ಣದಿದ್ದಾಗ ಮನೆಯವರು ಪ್ರೀತಿಯಿಂದ ಮಾಡುವ ಕೆಲವು ಕೆಲಸಗಳಿಂದ ನಾಯಿಗೆ ತೊಂದರೆಯಾಗುತ್ತದೆ; ಅಪರೂಪಕ್ಕೆ ಮನೆಯವರ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಈ ಎರಡನೆಯದು ನನ್ನ ಕೆಲಸಕ್ಕೇ ಸೇರಿದ್ದು.

ನಮ್ಮಲ್ಲಿ ಕ್ಷೇಮಸಮಾಚಾರವೆಂದರೆ 'ಊಟ ಆಯ್ತಾ?' ಎಂಬ ಪ್ರಶ್ನೆಯೇ. ಆಸ್ಪತ್ರೆಗೆ ನೋಡಲು ಬರುವವರ ಕೈಯಲ್ಲಿ ಇಡ್ಲಿ ಡಬ್ಬಿ, ಕಾಫಿ ಫ್ಲಾಸ್ಕು. ರೋಗಿಗೆ ಜ್ವರ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಇಡ್ಲಿ ತಿಂದ ಎನ್ನುವುದೇ ಚಿಂತೆ. ನಾಯಿಯ ವಿಷಯದಲ್ಲೂ ಇದೇ ಆಗುತ್ತದೆ. ಬೆಳಿಗ್ಗೆ ಹಾಲು ಬೇಡವೆಂದರೆ ಬಿಸ್ಕತ್ತು, ಬಿಸ್ಕತ್ತು ಬೇಡವೆಂದರೆ ತುಪ್ಪದನ್ನ, ಅದೂ ಬೇಡವೆಂದರೆ ಬಾಯಿ ಬಿಡಿಸಿ ತುರುಕುವುದು. ಸಂಜೆಯ ಹೊತ್ತಿಗೆ ಮನೆಯವರಿಗೂ ನಾಯಿಗೂ ಸಾಕುಸಾಕಾಗಿರುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಹಸಿವಿಲ್ಲದಿರುವುದು ಕಾಯಿಲೆಯಲ್ಲ, ಕಾಯಿಲೆಯ ಸೂಚನೆ. ಕಾರಣ ತಿಳಿಯುವುದಕ್ಕೆ ಮೊದಲೇ ಉಣ್ಣಿಸಲು ಹೊರಡುವುದು ಹೊಗೆಯನ್ನು ಬೀಸಣಿಗೆಯಿಂದ ಓಡಿಸಿ ಬೆಂಕಿಯನ್ನು ಹಾಗೆಯೇ ಬಿಟ್ಟಂತೆ.

ಆದ್ದರಿಂದ ಮೊದಲು ನಾಯಿಯ ಪಕ್ಕ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ತಟ್ಟೆಯ ಹತ್ತಿರ ಆಸೆಯಿಂದ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಮುಖ ತಿರುಗಿಸುತ್ತದೆಯೇ? ಅದಕ್ಕೆ ವಾಕರಿಕೆ ಇರಬಹುದು. ಬಾಯಿಗೆ ಹಾಕಿಕೊಂಡದ್ದು ಕೆಳಗೆ ಬೀಳುತ್ತಿದೆಯೇ, ಒಂದೇ ಪಕ್ಕದಲ್ಲಿ ಅಗಿಯುತ್ತಿದೆಯೇ? ಹಲ್ಲು ಮುರಿದಿರಬಹುದು, ವಸಡಿನಲ್ಲಿ ಕೀವಾಗಿರಬಹುದು. ಎದ್ದು ಬರಲೇ ಮನಸ್ಸಿಲ್ಲವೇ? ಜ್ವರವೋ ನೋವೋ ಇದೆ. ನಮ್ಮ ಕಡೆ ಇಂಥ ಜ್ವರಕ್ಕೆ ದೊಡ್ಡ ಕಾರಣ ಉಣ್ಣೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಹುಡುಕಿ. ಉಣ್ಣೆಯಿಂದ ಬರುವ ಜ್ವರದಲ್ಲಿ ವಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಬರುವುದು ಉಂಟು. ರಕ್ತ ಪರೀಕ್ಷೆ ಮಾಡಿಸಿ ಸರಿಯಾದ ಔಷಧಿ ಕೊಟ್ಟರೆ ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ. ತಾವಾಗಿಯೇ ತಟ್ಟೆ ನೆಕ್ಕುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣುನಾಯಿ ಬೆದೆಗೆ ಬಂದು ಹೋದ ಕೆಲವು ವಾರಗಳ ನಂತರ ಊಟ ಬಿಟ್ಟು, ಕೊಡಗಟ್ಟಲೆ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ಕಾಯುವ ಕಾಯಿಲೆಯಲ್ಲ. ಇನ್ನು ದೀಪಾವಳಿಯ ಪಟಾಕಿಗೆ ಹೆದರಿಯೋ, ಮನೆಯ ಮಗ ಹಾಸ್ಟೆಲಿಗೆ ಹೋದನೆಂದೋ ಒಂದು ಹೊತ್ತು ಉಪವಾಸ ಮಾಡುವ ನಾಯಿಗಳೂ ಇವೆ. ಅವುಗಳ ಬಗ್ಗೆ ಚಿಂತೆ ಬೇಡ.

ಜ್ವರದ ಬಗ್ಗೆ ಒಂದು ಮಾತು. 'ನಾಯಿಗೆ ನೂರಾ ಒಂದೂವರೆ ಇದೆ, ಕ್ರೋಸಿನ್ ಹಾಕಲೇ?' ಎಂದು ಕೇಳುವವರಿದ್ದಾರೆ. ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವಾದದ್ದು ಅದಕ್ಕೆ ಆರೋಗ್ಯ! ಮೂಗು ಒಣಗಿದ್ದರೆ ಜ್ವರ ಎಂಬ ನಂಬಿಕೆಗೂ ಬೆಲೆಯಿಲ್ಲ. ಅದಕ್ಕಿಂತ ವಸಡನ್ನು ನೋಡುವುದು ಮೇಲು. ಆರೋಗ್ಯವಂತ ನಾಯಿಯ ವಸಡು ಗುಲಾಬಿ ಬಣ್ಣಕ್ಕಿದ್ದು ಒದ್ದೆಯಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಆದರೆ ಹೀಗೆ ಬಾಯಿ ಮುಟ್ಟುವುದಕ್ಕೆ ಮೊದಲು ಮುಂದಿನ ಮಾತನ್ನು ದಯವಿಟ್ಟು ಓದಿ. ಈ ಲೇಖನ ಬರೆಯಲು ಕುಳಿತದ್ದೇ ಅದಕ್ಕಾಗಿ.

ರೇಬೀಸ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬೀದಿಯಲ್ಲಿ ಕಂಡಕಂಡವರನ್ನು ಕಚ್ಚುತ್ತ ಓಡುವ ಹುಚ್ಚುನಾಯಿ. ಆದರೆ ಈ ಕಾಯಿಲೆಗೆ ಇನ್ನೊಂದು ರೂಪವಿದೆ. ಅದರಲ್ಲಿ ನಾಯಿ ಓಡುವುದಿಲ್ಲ, ಮೂಲೆ ಸೇರುತ್ತದೆ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ಸ್ವರ ಬದಲಾಗುತ್ತದೆ, ಗಂಟಲಿನ ಸ್ನಾಯು ಸೋತು ನುಂಗಲಾಗುವುದಿಲ್ಲ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಮನೆಯ ಯಜಮಾನರು ಬಾಯಿಯೊಳಗೆ ಕೈ ಹಾಕಿ ಹುಡುಕುತ್ತಾರೆ. ಮನೆಯೊಡತಿ ಅನ್ನ ಕಲಸಿ ಬೆರಳಿನಿಂದ ಗಂಟಲಿಗೆ ತಳ್ಳುತ್ತಾರೆ. ಮಕ್ಕಳು ಅದರ ಮುಖಕ್ಕೆ ಮುಖ ಒತ್ತಿ ಸಮಾಧಾನ ಹೇಳುತ್ತಾರೆ. ಯಾರನ್ನೂ ನಾಯಿ ಕಚ್ಚಿಲ್ಲ, ಹಾಗಾಗಿ ಯಾರಿಗೂ ಭಯವಿಲ್ಲ. ಆದರೆ ಆ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ತರಕಾರಿ ಹೆಚ್ಚುವಾಗ ಬೆರಳಿಗಾದ ಸಣ್ಣ ಗಾಯ, ಉಗುರು ಸಂದಿಯ ಸೀಳು, ಕಣ್ಣು, ತುಟಿ, ಇಷ್ಟು ದಾರಿ ಸಾಕು. ಮನುಷ್ಯರಲ್ಲಿ ರೇಬೀಸಿನ ಲಕ್ಷಣಗಳು ಶುರುವಾದ ಮೇಲೆ ಬದುಕಿಸುವ ಔಷಧಿ ಇಂದಿಗೂ ಇಲ್ಲ.

'ನೀರು ಕುಡಿಯಲು ಹೋಗುತ್ತಿದೆಯಲ್ಲ, ಹಾಗಾದರೆ ಹುಚ್ಚಲ್ಲ' ಎಂಬ ಮಾತನ್ನು ನಂಬಬೇಡಿ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ; ನಾಯಿಗೆ ನೀರು ಕಂಡರೆ ಭಯವಿಲ್ಲ, ನುಂಗಲು ಆಗುವುದಿಲ್ಲ ಅಷ್ಟೇ. 'ಇನ್ನೂ ಮರಿ, ಇದಕ್ಕೆಲ್ಲಿಯ ರೇಬೀಸ್' ಎಂಬುದೂ ಅಷ್ಟೇ ಅಪಾಯದ ಮಾತು. ಬೀದಿಯಿಂದ ತಂದ ಮರಿಗಾಗಲಿ, ಲಸಿಕೆ ತಪ್ಪಿದ ನಾಯಿಗಾಗಲಿ, ಕೆಲವು ವಾರ ಅಥವಾ ತಿಂಗಳುಗಳ ಹಿಂದೆ ಬೀದಿನಾಯಿಯೊಂದಿಗೆ ಕಚ್ಚಾಡಿ ಬಂದದ್ದಕ್ಕಾಗಲಿ, ಊಟ ಬಿಟ್ಟು ಜೊಲ್ಲು ಸುರಿಯುತ್ತಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ಕೋಣೆಯೊಂದರಲ್ಲಿ ಬೇರೆಯಾಗಿ ಇರಿಸಿ ಪಶುವೈದ್ಯರಿಗೆ ಫೋನ್ ಮಾಡಿ.

ಈಗಾಗಲೇ ಕೈ ಹಾಕಿದ್ದರೆ? ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಲ್ಲಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, 'ಕಚ್ಚಿಲ್ಲ, ಆದರೆ ಜೊಲ್ಲು ಗಾಯಕ್ಕೆ ತಾಗಿದೆ' ಎಂದು ಬಾಯಿಬಿಟ್ಟು ಹೇಳಿ. ಗಾಯವಾದ ಚರ್ಮಕ್ಕೆ ಅಥವಾ ಕಣ್ಣು, ಬಾಯಿಗೆ ಜೊಲ್ಲು ತಾಗಿದರೆ ಅದನ್ನು ಆಳವಾದ ಕಡಿತದಷ್ಟೇ ಗಂಭೀರವೆಂದು ಪರಿಗಣಿಸುತ್ತಾರೆ. ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಕಥೆ ಹೇಳಿ ಹೆದರಿಸುವ ಹಿರಿಯರು ಇನ್ನೂ ಇದ್ದಾರೆ. ಆ ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಗೆ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ: ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಒಂದು ಸೇರುತ್ತದೆ. ನೋವಾಯಿತೆಂದು ನಡುವೆ ಬಿಡಬಾರದು.

ಇರಲಿ, ಊಟ ಬಿಟ್ಟ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದಿಲ್ಲ. ವರ್ಷವರ್ಷವೂ ಲಸಿಕೆ ಹಾಕಿಸಿದ, ಜೊಲ್ಲು ಸುರಿಸದ, ಪರಿಚಿತ ನಡತೆಯ ನಾಯಿ ಒಂದು ದಿನ ಊಟ ಬಿಟ್ಟು, ನೀರು ಕುಡಿದುಕೊಂಡು, ಬಾಲ ಅಲ್ಲಾಡಿಸುತ್ತಿದ್ದರೆ ಕಾಯಬಹುದು. ಎರಡನೆಯ ದಿನಕ್ಕೂ ಮುಂದುವರಿದರೆ ಪಶುವೈದ್ಯರಿಗೆ ತೋರಿಸಿ. ವಾಂತಿ, ಭೇದಿ, ಹೊಟ್ಟೆಯುಬ್ಬರ, ಏದುಸಿರು, ಬಿಳಿಚಿದ ಅಥವಾ ಹಳದಿ ವಸಡು, ಇವುಗಳಲ್ಲಿ ಯಾವುದಿದ್ದರೂ ಅಂದೇ ಹೊರಡಿ. ಮರಿಗಳಿಗೆ ಈ ರಿಯಾಯಿತಿ ಇಲ್ಲ. ಲಸಿಕೆಯಾಗದ ಮರಿ ಊಟ ಬಿಟ್ಟು, ವಾಂತಿ ಮಾಡಿಕೊಂಡು, ದುರ್ನಾತದ ರಕ್ತಭೇದಿ ಮಾಡುತ್ತಿದ್ದರೆ ಅದು ಪಾರ್ವೊ ಇರಬಹುದು. ಅದಕ್ಕೆ ಬೇಕಾದದ್ದು ತುತ್ತಲ್ಲ, ರಕ್ತನಾಳದ ಮೂಲಕ ದ್ರವ. ಅರ್ಧ ದಿನದ ತಡವೂ ದುಬಾರಿ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲೂ ಚಿಕಿತ್ಸೆ ಸಿಗುತ್ತದೆ. ದನಕ್ಕೆ ಮಾತ್ರ ಎಂದು ತಿಳಿದು ಹಿಂಜರಿಯುವವರು ಬಹಳ.

ವೈದ್ಯರು ನೋಡಿ, ಔಷಧಿ ಶುರುವಾದ ಮೇಲೆ ಉಣ್ಣಿಸುವ ಜಾಣ್ಮೆಗೆ ನಿಜವಾದ ಬೆಲೆ ಬರುತ್ತದೆ. ನಾಯಿ ನಾಲಿಗೆಗಿಂತ ಮೂಗಿನಿಂದ ಉಣ್ಣುವ ಪ್ರಾಣಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಅನ್ನಕ್ಕೆ ವಾಸನೆಯೇ ಇರುವುದಿಲ್ಲ; ಉಗುರುಬೆಚ್ಚಗೆ ಮಾಡಿದರೆ ಅದೇ ಅನ್ನ ಕರೆಯುತ್ತದೆ. ಮೂಗು ಕಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆ, ಚರ್ಮ ತೆಗೆದು ಬೇಯಿಸಿದ ಕೋಳಿಮಾಂಸ ಕಿವುಚಿ, ಉಪ್ಪು ಮಸಾಲೆ ಇಲ್ಲದ ಅದರದೇ ತಿಳಿಯನ್ನು ಬೆರೆಸಿ. ಸಸ್ಯಾಹಾರಿಗಳ ಮನೆಯಲ್ಲಿ ಮೊಸರನ್ನ, ಸ್ವಲ್ಪ ಪನೀರ್ ಆಗುತ್ತದೆ. ಮೊಟ್ಟೆಯನ್ನು ಹೊಸಿಲು ದಾಟಿಸದ ಮನೆಗಳಲ್ಲಿ ನಾಯಿಯ ಹೆಸರಿನಲ್ಲಿ ಹಿತ್ತಲ ಒಲೆಯ ಮೇಲೆ ಮೊಟ್ಟೆ ಬೆಂದದ್ದನ್ನು ನಾನು ಬಲ್ಲೆ, ಅದರಲ್ಲಿ ತಪ್ಪೇನಿಲ್ಲ. ಒಂದು ಚಮಚದಷ್ಟು ಮಾತ್ರ ಇಡಿ. ತಿಂದರೆ ಎರಡು ಗಂಟೆ ಬಿಟ್ಟು ಇನ್ನೊಂದು ಚಮಚ. ತಿನ್ನದಿದ್ದರೆ ಹದಿನೈದು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ಇಡೀ ಕುಟುಂಬ ಸುತ್ತ ಕುಳಿತು ಜೈಕಾರ ಹಾಕುವುದು ಬೇಡ. ಅದಕ್ಕೆ ಹೆಚ್ಚು ಸಲಿಗೆ ಇರುವವರೊಬ್ಬರು ಪಕ್ಕದಲ್ಲಿದ್ದರೆ ಸಾಕು. ಅನ್ನದಲ್ಲಿ ಕಹಿ ಮಾತ್ರೆ ಬಚ್ಚಿಡಬೇಡಿ. ಒಮ್ಮೆ ಮೋಸ ತಿಳಿದ ನಾಯಿ ಮುಂದೆ ಒಳ್ಳೆಯ ಅನ್ನವನ್ನೂ ಅನುಮಾನಿಸುತ್ತದೆ. ಹಾಗೆಯೇ, ವಾಕರಿಕೆ ಇರುವಾಗ ಅದರ ಅತಿ ಇಷ್ಟದ ತಿಂಡಿಯನ್ನು ಬಲವಂತ ಮಾಡಿದರೆ ಆ ತಿಂಡಿಯನ್ನೇ ದ್ವೇಷಿಸುವುದುಂಟು. ಕಾಮಾಲೆಯಲ್ಲಿ ತಿಂದ ಪದಾರ್ಥವನ್ನು ಗುಣವಾದ ಮೇಲೂ ನಾವು ಮುಟ್ಟುವುದಿಲ್ಲವಲ್ಲ, ಹಾಗೆ.

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಕೊಡಬೇಡಿ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಡುಕು. ಚಾಕೊಲೇಟ್ ವಿಷ. ಪುಷ್ಟಿಗೆಂದು ಸುರಿಯುವ ತುಪ್ಪ ಕಾಯಿಲೆಯ ಹೊಟ್ಟೆಗೆ ಭಾರ.

ನೀರು ಅನ್ನಕ್ಕಿಂತ ಮುಖ್ಯ. ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ಬೇಕು. ಹತ್ತು ಕಿಲೋ ನಾಯಿಗೆ ಅರ್ಧ ಲೀಟರ್. ಸೂಜಿ ತೆಗೆದ ಸಿರಿಂಜಿನಿಂದ ಕುಡಿಸಲು ಪಶುವೈದ್ಯರು ಹೇಳಿದ್ದರೆ, ಕೆನ್ನೆಯ ಪಕ್ಕದಿಂದ, ತಲೆ ಮೇಲಕ್ಕೆತ್ತದೆ, ಒಂದೊಂದೇ ಗುಟುಕು ಬಿಡಿ. ನುಂಗಿದ್ದು ನೋಡಿಕೊಂಡು ಮುಂದಿನದು. ಮಂಪರಿನಲ್ಲಿರುವ, ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ ನಾಯಿಗೆ ಬೇಡವೇ ಬೇಡ. ಲಕ್ವ ಹೊಡೆದ ಹಿರಿಯರಿಗೆ 'ಸುಸ್ತಾಗಿದ್ದಾರೆ' ಎಂದು ಮಲಗಿಸಿಕೊಂಡೇ ಕಾಫಿ ಕುಡಿಸಿ, ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಕರೆತರುವುದನ್ನು ನಾನು ನೋಡುತ್ತಲೇ ಇದ್ದೇನೆ. ನಾಯಿಯ ಶ್ವಾಸಕೋಶಕ್ಕೂ ಅದೇ ನಿಯಮ.

ಮನೆಯ ಔಷಧಿ ಡಬ್ಬಿಯನ್ನು ಮಾತ್ರ ಮುಚ್ಚಿಡಿ. ಪ್ಯಾರಸಿಟಮಾಲ್ ನಾಯಿಯ ಯಕೃತ್ತನ್ನೂ ರಕ್ತವನ್ನೂ ಕೆಡಿಸಬಲ್ಲದು; ಬೆಕ್ಕಿಗಂತೂ ಒಂದು ಮಾತ್ರೆ ಪ್ರಾಣಾಂತಕ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಡೈಕ್ಲೊಫೆನಾಕ್ ಕೊಟ್ಟ ದನಗಳ ಕಳೇಬರ ತಿಂದು ನಮ್ಮ ದೇಶದ ರಣಹದ್ದುಗಳೇ ನಾಶದ ಅಂಚಿಗೆ ಬಂದವು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಬೇಕಾಯಿತು. ಒಂದು ಜೀವಿಯ ಮದ್ದು ಇನ್ನೊಂದಕ್ಕೆ ಏನು ಮಾಡುತ್ತದೆಂದು ಊಹಿಸಿ ಹೇಳಲಾಗದು. ನಾನು ಟಾನಿಕ್ ಬರೆದುಕೊಡದಿರುವುದಕ್ಕೆ ಕಾರಣ ಜಂಬವಲ್ಲ.

ಕೊನೆಯದಾಗಿ ಮುದಿನಾಯಿಗಳ ವಿಷಯ. ಹದಿಮೂರು ಹದಿನಾಲ್ಕು ವರ್ಷದ ನಾಯಿ, ಮೂತ್ರಪಿಂಡ ಸೋತಿದೆ ಅಥವಾ ಗಡ್ಡೆ ಹರಡಿದೆ, ಇನ್ನು ಚಿಕಿತ್ಸೆಯಿಲ್ಲವೆಂದು ಪಶುವೈದ್ಯರು ಹೇಳಿದ್ದಾರೆ. ಆಗಲೂ ಮನೆಯವರು ಬಾಯಿ ಬಿಡಿಸಿ ತುತ್ತಿಡುತ್ತಾರೆ, 'ಹಸಿದು ಸಾಯಬಾರದು' ಎಂದು. ಸಾಯುವ ಮನುಷ್ಯರ ಹಾಸಿಗೆಯ ಪಕ್ಕದಲ್ಲೂ ಇದೇ ಮಾತು ಕೇಳಿದ್ದೇನೆ. ಆ ಹಂತದಲ್ಲಿ ದೇಹ ತಾನಾಗಿ ಅನ್ನವನ್ನು ಬಿಡುತ್ತದೆ. ತುರುಕಿದ ತುತ್ತು ವಾಂತಿಯಾಗುತ್ತದೆ, ಸಂಕಟ ಹೆಚ್ಚುತ್ತದೆ. ಒದ್ದೆ ಹತ್ತಿಯಿಂದ ಬಾಯಿ ತೇವ ಮಾಡಿ, ಮೆತ್ತನೆಯ ಹಾಸಿಗೆ ಹಾಕಿ, ಮಗ್ಗುಲು ಬದಲಾಯಿಸಿ, ನೋವಿಗೆ ವೈದ್ಯರಿಂದ ಮದ್ದು ಕೇಳಿ. ನೋವು ತಡೆಯದಷ್ಟಾದರೆ ಶಾಂತವಾಗಿ ಕಳುಹಿಸಿಕೊಡುವ ಚುಚ್ಚುಮದ್ದಿನ ಬಗ್ಗೆಯೂ ಅವರೊಡನೆ ಮುಕ್ತವಾಗಿ ಮಾತನಾಡಬಹುದು. ಅದು ನಾಚಿಕೆಪಡುವ ಮಾತಲ್ಲ. ಹಾಗೆ ತೀರ್ಮಾನಿಸಿದರೆ ಮಕ್ಕಳಿಗೆ ಹಿಂದಿನ ದಿನವೇ ತಿಳಿಸಿ. 'ಊರಿಗೆ ಕಳಿಸಿದೆವು' ಎಂದು ಸುಳ್ಳು ಹೇಳಬೇಡಿ. ಶಾಲೆಗೆ ಹೋಗುವ ಮುನ್ನ ಅವರು ಅದರ ತಲೆ ಸವರಿ ಹೋಗಲಿ.