ಜಪಾನಿನ ಸುವಾ ಸರೋವರದ ಮೇಲೆ ದೇವರು ನಡೆದುಹೋಗುತ್ತಾರಾ?

ಹೆಪ್ಪುಗಟ್ಟಿದ ದೊಡ್ಡ ಸರೋವರ. ಅದರ ಮೇಲೆ ಹೊಲದ ಬದುವಿನಂತೆ ಅಂಕುಡೊಂಕಾಗಿ ಎದ್ದು ನಿಂತ ಮಂಜುಗಡ್ಡೆಯ ಸಾಲು. ಕೆಳಗೆ ‘ಜಪಾನಿನಲ್ಲಿ ದೇವರು ನಡೆದ ದಾರಿ, ವಿಜ್ಞಾನಿಗಳಿಗೂ ಬಿಡಿಸಲಾಗದ ರಹಸ್ಯ’ ಎಂಬ ಬರಹ. ಇಂಥದ್ದೊಂದು ಫಾರ್ವರ್ಡ್ ನಿಮಗೆ ಬಂದರೆ ಚಿತ್ರವೇ ನಕಲಿ ಎಂದುಕೊಳ್ಳಬೇಡಿ. ಅಂಥ ಸಾಲು ನಿಜವಾಗಿಯೂ ಏಳುತ್ತದೆ. ‘ಬಿಡಿಸಲಾಗದ ರಹಸ್ಯ’ ಎಂಬುದಷ್ಟೇ ಸುಳ್ಳು.

ಜಾಗ ಜಪಾನಿನ ನಾಗಾನೊ ಪ್ರಾಂತ್ಯದ ಸುವಾ. ಸಮುದ್ರಮಟ್ಟದಿಂದ 759 ಮೀಟರ್ ಎತ್ತರದಲ್ಲಿರುವ ಇಲ್ಲಿನ ಸರೋವರದ ಆಸುಪಾಸಿನಲ್ಲಿ ಸುವಾ ತೈಶಾ ಎಂಬ ಬಹಳ ಹಳೆಯ ಶಿಂಟೋ ದೇಗುಲವಿದೆ. ಅದು ಒಂದೇ ಕಟ್ಟಡವಲ್ಲ. ದಕ್ಷಿಣಕ್ಕೆ ‘ಮೇಲಿನ ದೇಗುಲ’ದ ಎರಡು, ಉತ್ತರಕ್ಕೆ ‘ಕೆಳಗಿನ ದೇಗುಲ’ದ ಎರಡು, ಒಟ್ಟು ನಾಲ್ಕು ಗುಡಿಗಳು. ನೀವು ಹೋದರೆ ಮೊದಲು ಬಾಗಿಲ ಬಳಿಯ ನೀರಿನಲ್ಲಿ ಕೈ, ಬಾಯಿ ತೊಳೆದುಕೊಳ್ಳಬೇಕು. ದೇವರೆದುರು ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿನ ಪದ್ಧತಿ. ವಿಗ್ರಹ ಕಾಣಿಸುವುದಿಲ್ಲ. ಕೆಳಗಿನ ದೇಗುಲದಲ್ಲಿ ಹಳೆಯ ಮರಗಳೇ ಪೂಜ್ಯ.

ಮೇಲಿನ ದೇಗುಲದ ದೇವರು ತಾಕೆಮಿನಾಕತಾ. ಕ್ರಿ.ಶ. 712ರ ‘ಕೊಜಿಕಿ’ ಗ್ರಂಥದ ಪ್ರಕಾರ, ಬಲಪರೀಕ್ಷೆಯಲ್ಲಿ ಸೋತು ಇಲ್ಲಿಗೆ ಓಡಿಬಂದು, ಸುವಾ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟವನು. ಹೆಂಡತಿ ಯಾಸಕತೋಮೆ ಇರುವುದು ಕೆಳಗಿನ ದೇಗುಲದಲ್ಲಿ. ಚಳಿಗಾಲದಲ್ಲಿ ಸರೋವರ ಗಟ್ಟಿಯಾದಾಗ ಅವನು ಅದರ ಮೇಲೆ ನಡೆದು ಅವಳನ್ನು ನೋಡಲು ಹೋಗುತ್ತಾನೆ, ಆ ದಾರಿಯೇ ಈ ಸಾಲು ಎಂದು ಊರವರ ನಂಬಿಕೆ. ಇದಕ್ಕೆ ‘ಒಮಿವತಾರಿ’, ಅಂದರೆ ದೇವರು ದಾಟುವುದು, ಎಂದು ಹೆಸರು.

ಕಾರಣ ಸರಳ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಒಮ್ಮೆ ಮಂಜುಗಡ್ಡೆಯಾದ ಮೇಲೆ ಅದು ಬೇರೆ ವಸ್ತುಗಳಂತೆಯೇ ಚಳಿಗೆ ಕುಗ್ಗುತ್ತದೆ, ಬಿಸಿಗೆ ಹಿಗ್ಗುತ್ತದೆ. ರಾತ್ರಿ ಚಳಿ ಏರಿದಾಗ ಹಾಸು ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ತುಂಬಿ ಅದೂ ಹೆಪ್ಪುಗಟ್ಟುತ್ತದೆ. ಹಗಲು ಹಾಸು ಮತ್ತೆ ಹಿಗ್ಗಿದಾಗ ಜಾಗ ಸಾಲದೆ, ಬಿರುಕಿನ ಬಳಿಯ ತೆಳು ಗಡ್ಡೆ ದೊಡ್ಡ ಸದ್ದಿನೊಂದಿಗೆ ಮೇಲೇಳುತ್ತದೆ. ದಿನಗಟ್ಟಲೆ ಕಡು ಚಳಿ ಇಲ್ಲದಿದ್ದರೆ ಇದು ಆಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ‘ಮೂಢನಂಬಿಕೆ ಬಯಲು’ ಎಂದು ಇನ್ನೊಂದು ಫಾರ್ವರ್ಡ್ ಹುಟ್ಟುತ್ತದೆ. ನಮಗೆ ಅದೂ ಅರ್ಧ ಸತ್ಯವಾಗಿಯೇ ಕಾಣುತ್ತದೆ. ದೇವರು ದಾಟಿದ ದಿನ ಮುಖ್ಯ ಎಂದು ನಂಬಿದ್ದರಿಂದಲೇ ಅಲ್ಲಿನವರು 1443ರಿಂದ ಅದನ್ನು ಬರೆದಿಡುತ್ತಾ ಬಂದರು. ಈಗ ಯಾತ್ಸುರುಗಿ ಎಂಬ ಗುಡಿಯ ಅರ್ಚಕರು ಮತ್ತು ಭಕ್ತರು ಜನವರಿ ಆರಂಭದಿಂದ ಫೆಬ್ರವರಿ ಆರಂಭದವರೆಗೆ ಪ್ರತಿ ನಸುಕಿನಲ್ಲಿ ದಡಕ್ಕೆ ಹೋಗಿ ನೋಡುತ್ತಾರೆ. ಸಾಲಿನ ಆಕಾರ ನೋಡಿ ಬೆಳೆ ಹೇಗಾದೀತು ಎಂದು ಭವಿಷ್ಯ ಹೇಳುತ್ತಿದ್ದರು. ಆ ಭವಿಷ್ಯಕ್ಕೆ ವೈಜ್ಞಾನಿಕ ಆಧಾರವಿಲ್ಲ. ‘ಪ್ರಾಚೀನರಿಗೆ ಹವಾಮಾನ ವಿಜ್ಞಾನ ಗೊತ್ತಿತ್ತು’ ಎನ್ನುವುದೂ ಅತಿಶಯವೇ. ಅವರು ಕಾಯುತ್ತಿದ್ದದ್ದು ದೇವರಿಗಾಗಿ. ಆದರೆ ತಾರೀಖುಗಳು ಉಳಿದವು.

ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇದೇ ದಾಖಲೆ ಆಧಾರ. ಅದರ ಪ್ರಕಾರ ಮೊದಲ 250 ವರ್ಷಗಳಲ್ಲಿ ಸರೋವರ ಹೆಪ್ಪುಗಟ್ಟದ ವರ್ಷಗಳು ಕೇವಲ 3. 1955ರಿಂದ 2004ರ ನಡುವೆ ಅಂಥವು 12. ಮುಂದಿನ ಹತ್ತೇ ವರ್ಷಗಳಲ್ಲಿ 5. ಥರ್ಮಾಮೀಟರ್ ಹುಟ್ಟುವ ಮುಂಚಿನಿಂದ ಬಂದ ಇಷ್ಟು ಉದ್ದದ ದಾಖಲೆ ಜಗತ್ತಿನಲ್ಲೇ ಅಪರೂಪ.

ಸರೋವರ ಗಟ್ಟಿಯಾದ ಮಾತ್ರಕ್ಕೆ ಸಾಲು ಏಳಬೇಕೆಂದಿಲ್ಲ. ಅದು ಕೊನೆಗೆ ಸರಿಯಾಗಿ ಎದ್ದದ್ದು 2018ರಲ್ಲಿ. 2019ರಿಂದ 2025ರವರೆಗೆ ಸತತ ಏಳು ಚಳಿಗಾಲ ಅರ್ಚಕರು ‘ಅಕೆ ನೊ ಉಮಿ’, ಅಂದರೆ ‘ತೆರೆದ ಕಡಲು’ ಎಂದೇ ಘೋಷಿಸಿದ್ದಾರೆ. ಹಾಗಾಗಿ ಆ ಏಳು ವರ್ಷಗಳಲ್ಲಿ ಯಾವುದೇ ಒಂದರ ಹೆಸರು ಹಾಕಿ, ಸುವಾದಲ್ಲಿ ದೇವರು ನಡೆದ ಚಿತ್ರ ಎಂದು ಯಾರಾದರೂ ಕಳಿಸಿದರೆ, ಅದು ಹಳೆಯ ಚಿತ್ರ ಅಥವಾ ಬೇರೆ ಜಾಗದ್ದು.