ಪರದೇಶಕ್ಕೆ ಹೋಗುವವರಿಗೆ ಏಜೆಂಟ್ ಬೇಕೆ?



“ಮಗನನ್ನು ಕೆನಡಾಕ್ಕೆ ಕಳಿಸಬೇಕೆಂದಿದ್ದೇವೆ. ಏಜೆಂಟನಿಗೆ ಎಷ್ಟು ಕೊಡಬಹುದು?” ಮಳೆ, ಬೆಳೆ, ಲಗ್ನದ ಮಾತು ನಡೆಯುತ್ತಿದ್ದ ಮಠದ ಪಡಸಾಲೆಯಲ್ಲಿ ಈಗ ಈ ಪ್ರಶ್ನೆಯೂ ಕೇಳಿಬರುತ್ತಿದೆ. ಎಷ್ಟು ಕೊಡಬೇಕೆಂದು ಕೇಳುವವರು ಬಹಳ. ಕೊಡಲೇಬೇಕೆ ಎಂದು ಕೇಳುವವರನ್ನು ನಾನು ಕಂಡದ್ದು ಕಡಿಮೆ. ಎರಡೆಕರೆ ಹೊಲ ಮಾರಿ, ಇಲ್ಲವೆ ಹೆಣ್ಣುಮಕ್ಕಳ ಬಂಗಾರ ಒತ್ತೆಯಿಟ್ಟು ತಂದ ಹಣ ಮೊದಲು ಸೇರುವುದು ಏಜೆಂಟನ ಕೈಯನ್ನು. ಆದುದರಿಂದ ಈ ಸಂಚಿಕೆಯಲ್ಲಿ ಎರಡನೆಯ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ.

ಇದಕ್ಕೆ ಉತ್ತರ ಹುಡುಕುವವರು ಒಮ್ಮೆ ನಮ್ಮ ನೆರೆಯ ಮುಂಡಗೋಡದ ಟಿಬೆಟನ್ ಕಾಲೊನಿಯ ಕಡೆ ನೋಡಬೇಕು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಕಾಡು ಸವರಿದ ನೆಲದಲ್ಲಿ ಆರಂಭವಾದ ವಸತಿ ಅದು. ಡ್ರೆಪುಂಗ್, ಗಾಂದೆನ್ ಎಂಬ ದೊಡ್ಡ ಬೌದ್ಧ ಮಠಗಳು ಅಲ್ಲಿವೆ. ಮೆಕ್ಕೆಜೋಳ ಬೆಳೆದು, ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರಿ ಬದುಕು ಕಟ್ಟಿಕೊಂಡ ಆ ಜನರ ಮಕ್ಕಳು ಅನೇಕರು ಇಂದು ಅಮೆರಿಕ, ಕೆನಡಾ, ಯುರೋಪಿನಲ್ಲಿದ್ದಾರೆ.

ಅವರ ಕಾಗದಪತ್ರದ ಕಷ್ಟ ನಮ್ಮದಕ್ಕಿಂತ ದೊಡ್ಡದು. ಅವರಲ್ಲಿ ಹೆಚ್ಚಿನವರಿಗೆ ಭಾರತದ ಪಾಸ್‌ಪೋರ್ಟ್ ಇಲ್ಲ. ಇಲ್ಲಿ ವಾಸಿಸಲು ನೋಂದಣಿ ಪತ್ರ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಭಾರತ ಸರ್ಕಾರ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಕ ಬೇಕು. ಮರಳಿ ಬರಲು ಆಕ್ಷೇಪಣೆ ಇಲ್ಲವೆಂಬ ಮುದ್ರೆ ಬೇಕು. ಇಷ್ಟು ತೊಡಕಿದ್ದರೂ ಅವರ ಮೊದಲ ದೊಡ್ಡ ವಲಸೆ ಹೇಗೆ ನಡೆಯಿತು ನೋಡಿ. ಅಮೆರಿಕದ 1990ರ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದ ಟಿಬೆಟನ್ನರಿಗೆ 1,000 ವೀಸಾ ಮೀಸಲಾದವು. ಧರ್ಮಶಾಲೆಯಲ್ಲಿರುವ ಅವರ ಆಡಳಿತ ಅರ್ಜಿ ಕರೆಯಿತು, ವಸತಿಗಳಲ್ಲಿ ಚೀಟಿ ಎತ್ತಿ ಹೆಸರು ಆರಿಸಲಾಯಿತು. ಅಮೆರಿಕದ ಊರುಗಳಲ್ಲಿ ಹಿತೈಷಿಗಳ ಗುಂಪುಗಳು ಬರುವವರಿಗೆ ಕೆಲಸವನ್ನೂ ಮನೆಯನ್ನೂ ಮೊದಲೇ ಗೊತ್ತುಮಾಡಿದವು. 1992ರಿಂದ ಜನ ಹೊರಟರು. ಹೆಂಡತಿ ಮಕ್ಕಳು ಕೆಲವು ವರ್ಷಗಳ ಮೇಲೆ ಹೋಗಿ ಕೂಡಿಕೊಂಡರು.

ಅಲ್ಲಿ ದಲ್ಲಾಳಿಗಳ ಕಾಟವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಾನು ಗಮನಿಸುವುದು ಒಂದೇ ಸಂಗತಿ. ಹೇಗೆ ಹೋಗಬೇಕು, ಯಾರು ಅರ್ಹರು, ಅಲ್ಲಿ ಯಾರು ಎದುರುಗೊಳ್ಳುತ್ತಾರೆ ಎಂಬ ತಿಳಿವಳಿಕೆ ಆ ಸಮುದಾಯದಲ್ಲಿ ಎಲ್ಲರಿಗೂ ಸೇರಿದ ಸ್ವತ್ತಾಗಿತ್ತು. ನಮ್ಮಲ್ಲಿ ಪಾಸ್‌ಪೋರ್ಟ್ ಇದೆ, ಓದು ಇದೆ, ಮಾರಲು ಹೊಲವೂ ಇದೆ. ತಿಳಿವಳಿಕೆ ಮಾತ್ರ ಹಂಚಿಕೆಯಾಗಿಲ್ಲ. ಪ್ರತಿಯೊಂದು ಮನೆಯೂ ಒಂಟಿಯಾಗಿ, ಗುಟ್ಟಾಗಿ, ಏಜೆಂಟನ ಬಾಗಿಲಿಗೆ ಹೋಗುತ್ತದೆ.

ಏಜೆಂಟ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವವರಲ್ಲಿ ಮೂರು ಬಗೆಯವರಿದ್ದಾರೆ. ಕೆಲಸಕ್ಕೆ ಕಳಿಸುವ ನೇಮಕಾತಿ ಏಜೆಂಟ್ ಒಬ್ಬ. ಕಾಲೇಜು ಸೀಟು ಕೊಡಿಸುವ ಕನ್ಸಲ್ಟನ್ಸಿಯವನು ಇನ್ನೊಬ್ಬ. ಕಾಯಂ ವಾಸದ ವೀಸಾಕ್ಕೆ ಸಲಹೆ ಕೊಡುವವನು ಮತ್ತೊಬ್ಬ.

ಮೊದಲನೆಯವನಿಗೆ ನಮ್ಮ ದೇಶದಲ್ಲೇ ಕಾನೂನಿದೆ. 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ನೋಂದಣಿ ಇಲ್ಲದೆ ಯಾರೂ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವಂತಿಲ್ಲ. ನೋಂದಾಯಿತರ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಮೂರು ಲಕ್ಷ, ಐದು ಲಕ್ಷ ಕೇಳುವವನು ಅಲ್ಲಿಗೇ ಕಾನೂನು ಮೀರಿದಂತಾಯಿತು. ಹತ್ತನೆಯ ತರಗತಿ ಪಾಸಾಗದ ನಮ್ಮ ಹುಡುಗರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. “ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲಿ ಬದಲಿಸುತ್ತೇವೆ” ಎನ್ನುವವನು ಈ ರಕ್ಷಣೆಯಿಂದ ನಿಮ್ಮ ಹುಡುಗನನ್ನು ಹೊರಗಿಡುತ್ತಿದ್ದಾನೆ.

ಎರಡನೆಯವನು “ನಮ್ಮ ಸೇವೆ ಉಚಿತ” ಎನ್ನುವುದುಂಟು. ಅವನಿಗೆ ಕಮಿಷನ್ ಕೊಡುವುದು ಆ ಹೊರದೇಶದ ಕಾಲೇಜು. ಹಾಗಿರುವಾಗ ಕಮಿಷನ್ ಕೊಡುವ ಕಾಲೇಜನ್ನೇ ಅವನು ಮುಂದಿಡುವುದು ಸಹಜ. ಅವನ ಸಲಹೆ ಕೇಳುವುದರಲ್ಲಿ ತಪ್ಪಿಲ್ಲ. ಅವನು ಯಾರ ಪರವಾಗಿ ಕುಳಿತಿದ್ದಾನೆಂದು ತಿಳಿದು ಕೇಳಬೇಕು.

ಮೂರನೆಯವನ ಲೈಸೆನ್ಸನ್ನು ಆಯಾ ದೇಶವೇ ಕೊಡುತ್ತದೆ. ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್ ಈ ಮೂರೂ ದೇಶಗಳು ಪರವಾನಗಿ ಪಡೆದ ಸಲಹೆಗಾರರ ಪಟ್ಟಿಯನ್ನು ಎಲ್ಲರೂ ನೋಡುವಂತೆ ಇಟ್ಟಿವೆ. ಹೆಸರು ಹಾಕಿ ಹುಡುಕಲು ಐದು ನಿಮಿಷ ಸಾಕು. ಇನ್ನೂ ಮುಖ್ಯವಾದ ಮಾತೆಂದರೆ, ಏಜೆಂಟನನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಇಟ್ಟುಕೊಂಡವರ ಅರ್ಜಿಗೆ ವಿಶೇಷ ಮನ್ನಣೆ ಇಲ್ಲವೆಂದು ಕೆನಡಾ ಸರ್ಕಾರ ತಾನೇ ಹೇಳುತ್ತದೆ. ಅರ್ಜಿ ನಮೂನೆಗಳು ಉಚಿತವಾಗಿ ಸಿಗುತ್ತವೆ.

ಏಜೆಂಟನ ಮಾತು ನಂಬಿ ಕೆಟ್ಟವರ ಕಥೆ ದೂರದ್ದೇನಲ್ಲ. ಸೆಕ್ಯುರಿಟಿ ಗಾರ್ಡ್ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧದ ಸೇನೆಯಲ್ಲಿ ಸಿಕ್ಕಿಬಿದ್ದರು. 2024ರ ಮಾರ್ಚ್ ತಿಂಗಳಲ್ಲಿ ಇಂಥ ಏಜೆಂಟರ ಜಾಲದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು. ಆ ಯುವಕರು ಊರಿಗೆ ಮರಳಿದ್ದು ಸೆಪ್ಟೆಂಬರಿನಲ್ಲಿ. ಇನ್ನೊಂದು ಕಥೆ ಪಂಜಾಬಿನದು. ಏಜೆಂಟ್ ಕೊಟ್ಟ ಕಾಲೇಜು ಪ್ರವೇಶಪತ್ರ ನಕಲಿ ಎಂದು ಗೊತ್ತಾಗಿ, ಕೆನಡಾದಲ್ಲಿ ಓದಿ ಕೆಲಸಕ್ಕೆ ಸೇರಿದ್ದ ವಿದ್ಯಾರ್ಥಿಗಳು 2023ರಲ್ಲಿ ಗಡೀಪಾರಿನ ಭಯ ಎದುರಿಸಿದರು. ಮೋಸ ಮಾಡಿದವನು ಏಜೆಂಟ್, ಆದರೆ ಅರ್ಜಿಯ ಮೇಲಿದ್ದ ಹೆಸರು ವಿದ್ಯಾರ್ಥಿಗಳದು.

ಈ ಮಾತನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಕಾಗದ ಯಾರೇ ತುಂಬಲಿ, ಹೊಣೆ ಸಹಿ ಮಾಡಿದವನದು. ಸುಳ್ಳು ದಾಖಲೆ ಕೊಟ್ಟವರಿಗೆ ಕೆನಡಾ 5 ವರ್ಷ, ಆಸ್ಟ್ರೇಲಿಯಾ 3 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಮುಚ್ಚಬಲ್ಲವು. “ಬ್ಯಾಂಕ್ ಬ್ಯಾಲೆನ್ಸ್ ನಾವು ತೋರಿಸುತ್ತೇವೆ, ಅನುಭವದ ಪತ್ರ ನಾವು ಮಾಡಿಸುತ್ತೇವೆ” ಎಂದವನ ಮನೆಯಿಂದ ಅಲ್ಲಿಯೇ ಎದ್ದು ಬನ್ನಿ. ಕಾಯಕ ಮಾಡಲು ಹೋಗುವ ಮಗ ಸುಳ್ಳಿನ ಕಾಗದ ಹಿಡಿದು ಹೋಗಬಾರದು.

ಹಾಗಾದರೆ ಏಜೆಂಟ್ ಯಾರಿಗೆ ಬೇಕು? ಒಮ್ಮೆ ವೀಸಾ ನಿರಾಕರಣೆಯಾದವರಿಗೆ, ಮೈಮೇಲೆ ಕೋರ್ಟ್ ಪ್ರಕರಣ ಇರುವವರಿಗೆ, ವಿಚ್ಛೇದನ ಅಥವಾ ದತ್ತು ಮಕ್ಕಳ ಪ್ರಶ್ನೆ ಇರುವವರಿಗೆ, ನಮ್ಮ ಟಿಬೆಟನ್ ನೆರೆಹೊರೆಯವರಂತೆ ಪೌರತ್ವದ ಕಾಗದವೇ ತೊಡಕಾಗಿರುವವರಿಗೆ ಕಾನೂನು ಬಲ್ಲ ಲೈಸೆನ್ಸ್‌ದಾರನ ಸಹಾಯ ಬೇಕು. ಅಂಥವನಿಗೆ ಕೊಡುವ ಶುಲ್ಕ ಅವನ ಶ್ರಮಕ್ಕೆ ತಕ್ಕ ಫಲ, ಅದನ್ನು ಕೊಡಲು ಸಂಕೋಚ ಬೇಡ. ಉಳಿದವರಿಗೆ, ಅಂದರೆ ಓದು, ಅನುಭವ, ಕಾಗದ ಎಲ್ಲವೂ ನೇರವಾಗಿರುವ ಎಂಜಿನಿಯರ್, ನರ್ಸ್, ವಿದ್ಯಾರ್ಥಿಗಳಿಗೆ, ಏಜೆಂಟ್ ಮಾಡುವ ಕೆಲಸ ನಮೂನೆ ತುಂಬುವುದಷ್ಟೇ. ಅದನ್ನು ಅವರೇ ಮಾಡಬಲ್ಲರು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬಸಪ್ಪ, ಆಧಾರದಲ್ಲಿ ಬಸವರಾಜ, ಒಂದು ಕಡೆ ಅಡ್ಡಹೆಸರು ಪಾಟೀಲ, ಇನ್ನೊಂದು ಕಡೆ ತಂದೆಯ ಹೆಸರೇ ಕೊನೆಯ ಹೆಸರು. ಇದನ್ನು ಯಾವ ಏಜೆಂಟನೂ ಅಲ್ಲಿ ಕುಳಿತು ಸರಿಮಾಡಲಾರ. ಶಾಲೆ, ಮಂಡಳಿ, ಆಧಾರ ಕೇಂದ್ರಗಳಿಗೆ ನಾವೇ ಅಲೆದು, ಹೊರಡುವ ಒಂದು ವರ್ಷ ಮೊದಲೇ ಸರಿಪಡಿಸಿಕೊಳ್ಳಬೇಕು.

ಏಜೆಂಟನನ್ನು ಇಟ್ಟುಕೊಳ್ಳುವವರಿಗೆ ನಾಲ್ಕು ಮಾತು. ಲೈಸೆನ್ಸ್ ಸಂಖ್ಯೆ ಕೇಳಿ, ಸರ್ಕಾರದ ಪಟ್ಟಿಯಲ್ಲಿ ನೀವೇ ನೋಡಿ. ಕರಾರು ಬರಹದಲ್ಲಿರಲಿ, ಹಣ ಬ್ಯಾಂಕಿನ ಮೂಲಕ ಕಂತುಗಳಲ್ಲಿ ಹೋಗಲಿ, ಪ್ರತಿ ಕಂತಿಗೂ ರಸೀದಿ ಇರಲಿ. ಅರ್ಜಿ ನಿಮ್ಮ ಇಮೇಲ್ ವಿಳಾಸದಿಂದಲೇ ಹೋಗಲಿ, ಪಾಸ್‌ವರ್ಡ್ ನಿಮ್ಮ ಬಳಿ ಇರಲಿ, ಕಳಿಸುವ ಮೊದಲು ಪ್ರತಿ ಪುಟ ಓದಿ. ಮೂಲ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿ ಇರಬಾರದು. “ವೀಸಾ ಗ್ಯಾರಂಟಿ” ಎಂದವನನ್ನು ಮಾತ್ರ ನಂಬಬೇಡಿ. ವೀಸಾ ಕೊಡುವವನು ಆ ದೇಶದ ಅಧಿಕಾರಿ.

ಕೊನೆಗೆ ಮಠಗಳಲ್ಲಿ ನನ್ನದೊಂದು ಬಿನ್ನಹ. ಊರಿನ ಬಡ ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಕೊಟ್ಟು ಬೆಳೆಸಿದ ಪ್ರಸಾದನಿಲಯಗಳಿಂದಲೇ ಅನೇಕರು ಹೊರದೇಶ ಸೇರಿದ್ದಾರೆ. ಅವರನ್ನು ತಿಂಗಳಿಗೊಮ್ಮೆ ಫೋನಿನಲ್ಲೋ ವಿಡಿಯೋದಲ್ಲೋ ಕೂಡಿಸಿ, ಹೊರಡುವ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡಿಸಬಹುದು. ನಿಲಯದ ಒಂದು ಕೋಣೆಯಲ್ಲಿ ಕಂಪ್ಯೂಟರ್, ಆಯಾ ಸರ್ಕಾರಗಳ ಅಧಿಕೃತ ಜಾಲತಾಣಗಳ ಪಟ್ಟಿ, ನಮೂನೆ ತುಂಬಲು ಕಲಿಸುವ ಒಬ್ಬ ಶಿಕ್ಷಕ ಇದ್ದರೆ ಸಾಕು. ಬಲ್ಲವನು ಬಲ್ಲುದನ್ನು ಹಂಚುವುದೂ ದಾಸೋಹವೇ. ಮುಂಡಗೋಡದ ನೆರೆಯವರು ತಮ್ಮ ತಿಳಿವಳಿಕೆಯನ್ನು ಸಮುದಾಯದ ಸ್ವತ್ತು ಮಾಡಿಕೊಂಡ ಹಾಗೆ ನಾವೂ ಮಾಡಿಕೊಂಡರೆ, ಮಗನನ್ನು ಕಳಿಸಲೆಂದು ಹೊಲ ಮಾರುವ ಪ್ರಸಂಗ ಕೆಲವು ಮನೆಗಳಲ್ಲಾದರೂ ತಪ್ಪೀತು.